ಐದು ವಾಲ್ವು, ಒಂದು ಗುಡ್ಡ

ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾನೂ ನಮ್ಮ ಯಜಮಾನರೂ ಒಟ್ಟಿಗೆ ಹೊರಟ ಪ್ರವಾಸಗಳು ಹನ್ನೊಂದು. ಪೂರ್ತಿ ಮುಗಿಸಿದ್ದು ಒಂದೂ ಇಲ್ಲ. ಧರ್ಮಸ್ಥಳಕ್ಕೆ ಹೊರಟವರು ಹಾಸನದಿಂದ ವಾಪಸ್ಸು. ಊಟಿಗೆ ಹೊರಟವರು ನಂಜನಗೂಡಿನಿಂದ ವಾಪಸ್ಸು. ನನ್ನ ಸ್ವಂತ ತಂಗಿಯ ಮಗಳ ಮದುವೆಗೆ ದಾವಣಗೆರೆಗೆ ಹೋಗಿ, ಮುಹೂರ್ತ ನೋಡಿ, ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಕೈ ತೊಳೆದು ಎದ್ದು ಬಂದಿದ್ದೇವೆ. ಪ್ರತಿ ಸಲವೂ ಕಾರಣ ಒಂದೇ, ನೀರು.

ಜರಗನಹಳ್ಳಿಯಲ್ಲಿ ನಮ್ಮದು ಹದಿನಾಲ್ಕು ಮನೆಗಳ ವಠಾರ. ನಮ್ಮ ಮಾವ ಯಲ್ಲಯ್ಯನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಒಂದೊಂದೇ ಮನೆ ಕಟ್ಟಿಸುತ್ತ ಹೋದರು. ಮನೆ ಏರಿದ ಹಾಗೆ ಪೈಪನ್ನೂ ಎಳೆಯುತ್ತ ಹೋದರು. ಈಗ ನೆಲದೊಳಗೆ ಒಂದು ಸಂಪು, ತಾರಸಿಗಳ ಮೇಲೆ ಮೂರು ಟ್ಯಾಂಕು, ನಡುವೆ ಐದು ವಾಲ್ವು. ಈ ಐದನ್ನು ಯಾವ ಸರದಿಯಲ್ಲಿ ಎಷ್ಟೆಷ್ಟು ಸುತ್ತು ತಿರುಗಿಸಿದರೆ ಹದಿನಾಲ್ಕು ಮನೆಗೂ ನೀರು ಬರುತ್ತದೆ ಅನ್ನುವುದು ಲೋಕದಲ್ಲಿ ಒಬ್ಬರಿಗೇ ಗೊತ್ತು. ಮಾವ ಸಾಯುವ ಮುಂಚೆ ಮಗನಿಗೆ ಹೇಳಿಕೊಟ್ಟರು. ಮಗನಿಗೆ ಸದ್ಯಕ್ಕೆ ಸಾಯುವ ಯೋಚನೆ ಇಲ್ಲ, ಹಾಗಾಗಿ ಯಾರಿಗೂ ಹೇಳಿಕೊಟ್ಟಿಲ್ಲ.

ನಾನು ಕೇಳದೆ ಬಿಟ್ಟವಳಲ್ಲ. ಒಂದು ಸಲ ಗುರುತಿಗೆ ಇರಲಿ ಅಂತ ಐದು ವಾಲ್ವಿಗೂ ಐದು ಬಣ್ಣ ಹಚ್ಚಿದ್ದೆ. ಇವರು ಥಿನ್ನರ್ ತಂದು, ಗೋಣಿ ತುಂಡು ಅದ್ದಿ, ಅರ್ಧ ದಿನ ಕೂತು ಉಜ್ಜಿ ತೆಗೆದರು. "ಬಣ್ಣ ಹಾಕಿದ್ರೆ ಕಂಡೋರೆಲ್ಲ ಮುಟ್ತಾರೆ ಕಣೇ ಸುಧಾ," ಅಂದರು. ಆಮೇಲೆ ಬಾಡಿಗೆಯವರೊಬ್ಬರು ಒಣ ಸಂಪಿಗೆ ಮೋಟಾರು ಹಾಕಿ ಸುಟ್ಟದ್ದೇ ನೆಪವಾಗಿ, ಮೋಟಾರು ವಾಲ್ವು ಎಲ್ಲಕ್ಕೂ ಸೇರಿಸಿ ಕಬ್ಬಿಣದ ಗೂಡು ಮಾಡಿಸಿ ಬೀಗ ಜಡಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಕಾವೇರಿ ನಮ್ಮ ಬೀದಿಗೆ ಬಂದರೂ ನಮ್ಮ ಯಜಮಾನರು ನರೇಂದ್ರಪ್ಪನವರು ಎದ್ದು ಬರುವ ತನಕ ನಲ್ಲಿಗೆ ಇಳಿಯುವುದಿಲ್ಲ.

ಎರಡು ವರ್ಷದ ಹಿಂದೆ ಇವರು ಒಂದು ಹಳೇ ಜೀಪು ತಂದರು. ಅದನ್ನು ರಿಪೇರಿ ಮಾಡಿಸಿ, ದಪ್ಪ ಟೈರು ಹಾಕಿಸಿ, ಭಾನುವಾರ ಬಂದರೆ ಕುಮಾರಸ್ವಾಮಿ ಲೇಔಟಿನ ಚಕ್ರಪಾಣಿಯವರ ತಂಡದ ಜೊತೆ ಕನಕಪುರದ ಆಚೆ ಕಲ್ಲು ಹಳ್ಳ ಹತ್ತಿಸಿ ಇಳಿಸಿ, ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದರು. ಚಕ್ರಪಾಣಿ ಬ್ಯಾಂಕಿನಿಂದ ನಿವೃತ್ತರಾದವರು, ಎಲ್ಲವನ್ನೂ ಟೋಕನ್ ಕೊಟ್ಟು ಕರೆದ ಹಾಗೆ ಕ್ರಮವಾಗಿ ಮಾಡುವ ಮನುಷ್ಯ. ಕಳೆದ ಡಿಸೆಂಬರಿನಲ್ಲಿ ಅವರು ನಮ್ಮ ಮನೆಗೆ ಬಂದು, ಶುಕ್ರವಾರದಿಂದ ಭಾನುವಾರ ಮೂರು ದಿನದ ಕಾರ್ಯಕ್ರಮ ಹೇಳಿದರು. ಆರು ಜೀಪು, ಗಂಡ ಹೆಂಡತಿ ಇಬ್ಬರೂ ಬರಬಹುದು, ಡೇರೆಯಲ್ಲಿ ವಾಸ. ಮೂರನೇ ದಿನ ಬೆಳಿಗ್ಗೆ ಘಟ್ಟದ ಮೇಲಿನ ಕೋಣನಬೆನ್ನು ಅನ್ನುವ ಬೋಳುಗುಡ್ಡ ಹತ್ತುವುದು. ಜೀಪು ಬಿಟ್ಟರೆ ಬೇರೆ ಗಾಡಿ ಹತ್ತದ ಹನ್ನೊಂದು ತಿರುವಿನ ದಾರಿ. ಅದರ ವಿಡಿಯೋ ತೋರಿಸಿದರು. ಹುಲ್ಲು ಗಾಳಿಗೆ ಮಲಗಿ ಏಳುತ್ತಿತ್ತು, ಕೆಳಗೆ ಕಣ್ಣು ಹಾಯುವಷ್ಟು ದೂರ ಬರೀ ಮೋಡ.

ನನಗೆ ಅಲ್ಲಿ ನಿಲ್ಲಬೇಕು ಅನ್ನಿಸಿತು. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಐವತ್ತು ತುಂಬುತ್ತಾ ಬಂದಿದೆ, ಹೊರಟ ಒಂದು ಜಾಗವನ್ನಾದರೂ ಮುಟ್ಟಬೇಕು ಅನ್ನುವ ಹಟ ಇರಬಹುದು. ಚಕ್ರಪಾಣಿ ಆ ಕಡೆ ಹೋದ ಮೇಲೆ ನಾನು ಇವರನ್ನು ದೇವರ ಮನೆಯ ಮುಂದೆ ನಿಲ್ಲಿಸಿ, "ನೀರಿಗೋಸ್ಕರ ಗಾಡಿ ತಿರುಗಿಸಲ್ಲ ಅಂತ ಹೇಳಿ," ಅಂದೆ. ಇವರು ನಗುತ್ತಾ ಹೇಳಿದರು. ಹೊರಡುವ ಹಿಂದಿನ ದಿನ ಮೂರು ಟ್ಯಾಂಕನ್ನೂ ಅಂಚಿನವರೆಗೆ ತುಂಬಿಸಿ, ಹದಿನಾಲ್ಕು ಮನೆಗೂ ಹೋಗಿ ನೀರು ನೋಡಿ ಬಳಸಿ ಅಂತ ಹೇಳಿ ಬಂದರು. ನಾನು ನಂಬಿದೆ.

ಶುಕ್ರವಾರ ನಸುಕಿನಲ್ಲಿ ಹೊರಟೆವು. ನೆಲಮಂಗಲ ದಾಟುವುದರೊಳಗೆ ಎರಡು ಫೋನು. ಒಂದು ಮನೆಯಲ್ಲಿ ಫ್ಲಶ್ ಸೋರುತ್ತಿದೆ, ಇನ್ನೊಂದರಲ್ಲಿ ಬಿಸಿನೀರು ಬರುತ್ತಿಲ್ಲ. ಬೆಳ್ಳೂರು ಕ್ರಾಸಿನಲ್ಲಿ ಇಡ್ಲಿಗೆ ಕೂತಾಗ ಮೂರನೆಯದು, ದಾನಮ್ಮನದು. ದಾನಮ್ಮ ಬಾದಾಮಿ ಕಡೆಯವಳು, ಆಸ್ಪತ್ರೆಯೊಂದರಲ್ಲಿ ಬಿಲ್ ಹಾಕುವ ಕೆಲಸ, ನಮ್ಮ ವಠಾರದಲ್ಲಿ ಎಲ್ಲಕ್ಕಿಂತ ಮೇಲಿನ ಮನೆ. ಭಾನುವಾರ ಅವಳ ತಂಗಿಯ ಮಗುವಿಗೆ ತೊಟ್ಟಿಲು ಕಾರ್ಯ ಅಂತ ಊರಿಂದ ಇಪ್ಪತ್ತು ಜನ ಎರಡು ದಿನ ಮೊದಲೇ ಬಂದಿಳಿದಿದ್ದರು. ಇಪ್ಪತ್ತು ಜನ ಸ್ನಾನ ಮಾಡಿದರೆ ಟ್ಯಾಂಕು ಉಳಿಯುತ್ತದೆಯೇ?

"ಅಣ್ಣಾರ, ನಳದಾಗ ಹನಿ ನೀರಿಲ್ಲರಿ. ಮೋಟಾರ್ ಗೂಡಿಂದು ಕೀಲಿಕೈ ಎಲ್ಲಿ ಇಟ್ಟೀರಿ?" ಇವರು ಸ್ಪೀಕರ್ ಹಾಕಿದ್ದರಿಂದ ಪಕ್ಕದ ಮೇಜಿನವರಿಗೂ ಕೇಳಿಸಿತು.

"ನಮ್ಮನೇಲೇ ಇದೆಯಮ್ಮ. ಟಿವಿ ಪಕ್ಕ ಮೊಳೆಗೆ ನೇತಾಕಿದೀನಿ, ನೋಡು." ತುಳಸಿಗೆ ನೀರು ಹಾಕಲಿ ಅಂತ ಮನೆಯ ಬೀಗದ ಕೈ ಅವಳಿಗೇ ಕೊಟ್ಟು ಬಂದಿದ್ದೆವು.

"ಅಲ್ಲೇ ನಿಂತೇನ್ರಿ ನಾ. ಬರೇ ಮೊಳಿ ಐತಿ."

ನಾನು ಮೇಜಿನ ಮೇಲೆ ನೋಡಿದೆ. ಇವರ ಕಾಫಿ ಲೋಟದ ಪಕ್ಕ ಜೀಪಿನ ಕೀ ಗೊಂಚಲು ಬಿದ್ದಿತ್ತು, ಅದರಲ್ಲಿ ಹಿತ್ತಾಳೆಯ ದೊಡ್ಡದೊಂದು ಬೀಗದ ಕೈ. ದಿನಾ ಬೆಳಿಗ್ಗೆ ಎದ್ದು ಮೊದಲು ಮೋಟಾರು ಹಾಕಿ, ಆಮೇಲೆ ಜೀಪು ಒರೆಸಲು ಹೋಗುವ ಮನುಷ್ಯ ಎರಡನ್ನೂ ಒಂದೇ ಗೊಂಚಲಿಗೆ ಪೋಣಿಸಿಕೊಂಡಿದ್ದರು. ಹದಿನಾಲ್ಕು ಮನೆಯ ನೀರನ್ನು ಜೇಬಿನಲ್ಲಿಟ್ಟುಕೊಂಡು ನೂರು ಕಿಲೋಮೀಟರ್ ಬಂದಿದ್ದೆವು.

"ಬೀಗ ಒಡೆಸಿ ಬಿಡಿ ರೀ," ಅಂದೆ.

"ಒಡೆದ್ರೆ ಆಮೇಲೆ ಯಾರ್ಯಾರೋ ಕೈ ಹಾಕ್ತಾರೆ. ಸಂಪಿಗೆ ಒಂದು ಟ್ಯಾಂಕರ್ ಹಾಕಿಸ್ಕೊಳ್ಳೋಕೆ ಹೇಳ್ತೀನಿ."

ಟ್ಯಾಂಕರ್ ಬಂತು, ಸಂಪು ತುಂಬಿತು. ಆದರೆ ಸಂಪಿನಿಂದ ಮೇಲಕ್ಕೆ ಎತ್ತುವ ಮೋಟಾರು ಬೀಗದೊಳಗೆ ಇತ್ತು. ಇಷ್ಟು ಇವರಿಗೆ ತೋಚದೆ ಹೋಯಿತೋ, ತೋಚಿಯೂ ಬೀಗದ ಮೇಲಿನ ಮೋಹ ಬಿಡಲಿಲ್ಲವೋ, ದೇವರೇ ಬಲ್ಲ. ದಾನಮ್ಮನ ಕಡೆಯ ಗಂಡಸರು ಮೂರು ಮಹಡಿ ಬಕೆಟ್ ಹೊತ್ತರಂತೆ. ನನಗೆ ನಾಚಿಕೆಯಾಯಿತು. ಇವರು ದಾರಿಯಲ್ಲಿ ಗಾಡಿ ನಿಲ್ಲಿಸಿ ಇನ್ನೊಂದು ಕಾಫಿ ಕುಡಿದರು.

ಮಧ್ಯಾಹ್ನದ ಹೊತ್ತಿಗೆ ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾಯಿತು. ಎಲ್ಲರೂ ಇಳಿದು ಟೈರಿನ ಗಾಳಿ ಅರ್ಧಕ್ಕೆ ಇಳಿಸಿಕೊಂಡರು, ಗಾಳಿ ಕಡಿಮೆಯಿದ್ದರೆ ಟೈರು ಕಲ್ಲನ್ನು ಕಚ್ಚಿ ಹಿಡಿಯುತ್ತದೆ. ಚಕ್ರಪಾಣಿ ಗಾಡಿಗೊಂದು ವಾಕಿಟಾಕಿ ಕೊಟ್ಟರು. ಅಂದು ಸಂಜೆ ಹಳ್ಳದ ದಂಡೆಯಲ್ಲಿ ಡೇರೆ. ಉಳಿದವರು ಬೆಂಕಿಯ ಸುತ್ತ ಕೂತು ಹಾಡಿದರು, ಜೋಳ ಸುಟ್ಟು ತಿಂದರು. ಇವರು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಹಳ್ಳದ ಉದ್ದಕ್ಕೂ ಸಿಗ್ನಲ್ ಹುಡುಕುತ್ತ ನಡೆಯುತ್ತಿದ್ದರು. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಚಕ್ರಪಾಣಿಯವರ ಹೆಂಡತಿ ಕಮಲಾದೇವಿ ಬಂದು ಅದರಲ್ಲಿ ಕೂತು, "ನಿಮ್ಮೋರಿಗೆ ಹುಷಾರಿಲ್ವಾ?" ಅಂತ ಕೇಳಿದರು. "ಚೆನ್ನಾಗೇ ಇದ್ದಾರೆ, ಅದೇ ಕಷ್ಟ," ಅಂದೆ.

ಶನಿವಾರದ ಕತೆ ಇನ್ನೂ ಕೆಟ್ಟದ್ದು. ಬೆಟ್ಟದ ಮಗ್ಗುಲಲ್ಲಿ ಕೆಸರಿನ ದಾರಿ. ಮುಂದಿನ ಗಾಡಿಯ ಚಕ್ರದ ಗುರುತು ಹಿಡಿದೇ ಹೋಗಬೇಕು ಅಂತ ಚಕ್ರಪಾಣಿ ವಾಕಿಟಾಕಿಯಲ್ಲಿ ಹತ್ತು ಸಲ ಹೇಳಿದ್ದರು. ಇವರು ಫೋನನ್ನು ಸ್ಟೇರಿಂಗಿನ ಪಕ್ಕ ಸಿಕ್ಕಿಸಿಕೊಂಡು, ಒಂದು ಕಣ್ಣು ದಾರಿಯ ಮೇಲೆ, ಒಂದು ಕಣ್ಣು ಸಿಗ್ನಲಿನ ಕಡ್ಡಿಗಳ ಮೇಲೆ. ಒಂದು ಕಡ್ಡಿ ಮೂಡಿತು. "ಬಂತು ಬಂತು," ಅಂತ ಇವರು ಕೂಗುವುದಕ್ಕೂ, ಎಡಗಡೆಯ ಎರಡು ಚಕ್ರ ಕೆಸರಿನೊಳಗೆ ಅಚ್ಚಿನವರೆಗೆ ಇಳಿಯುವುದಕ್ಕೂ ಸರಿಹೋಯಿತು.

ಎಳೆದು ತೆಗೆಯಲು ಮೂರು ತಾಸು ಹಿಡಿಯಿತು. ಹಗ್ಗ ಕಟ್ಟಿದರು, ಕಲ್ಲು ತುಂಬಿದರು, ಮುಂದಿನ ಎರಡು ಗಾಡಿ ಸೇರಿಸಿ ಎಳೆದರು. ಅಂದು ನೋಡಬೇಕಾಗಿದ್ದ ಜಲಪಾತ ನಮ್ಮ ದೆಸೆಯಿಂದ ಎಲ್ಲರಿಗೂ ತಪ್ಪಿತು. ಕೆಸರು ಮೆತ್ತಿದ ಸೀಟಿನಲ್ಲಿ ಕೂರುತ್ತಾ ನಾನು, "ಇನ್ಮೇಲೆ ನಾನು ಓಡಿಸ್ತೀನಿ. ನೀವು ಆರಾಮಾಗಿ ಫೋನ್ ನೋಡ್ಕೊಳ್ಳಿ," ಅಂದೆ.

"ಇದು ನಮ್ ಟ್ರಾಕ್ಟರ್ ಅಲ್ಲ ಕಣೇ," ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಹನ್ನೆರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಡ್ರೈವರ್ ಕೈಕೊಟ್ಟಾಗ, ನಮ್ಮ ನೀರಿನ ಟ್ರಾಕ್ಟರನ್ನು ಎರಡು ತಿಂಗಳು ಜರಗನಹಳ್ಳಿಯಿಂದ ಪುಟ್ಟೇನಹಳ್ಳಿಯ ಕೆರೆ ಏರಿಯವರೆಗೆ ಓಡಿಸಿದವಳು ನಾನು. ಅರ್ಧ ತುಂಬಿದ ಟ್ಯಾಂಕರು ಬ್ರೇಕ್ ತುಳಿದ ಕೂಡಲೇ ನಿಲ್ಲುವುದಿಲ್ಲ, ಒಳಗಿನ ನೀರು ಹಿಂದಿನಿಂದ ಬಂದು ಗುದ್ದುತ್ತದೆ. ಅದನ್ನು ಏರಿಯ ಮೇಲೆ ಹಿಂದಕ್ಕೆ ಜಾರದ ಹಾಗೆ ಹಿಡಿಯುವುದು ಬಾಯಿಮಾತಲ್ಲ. ಆಗ ಇವರೇ ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಡ್ರೈವರ್ ಸಿಕ್ಕ ದಿನ ಕೀ ನನ್ನ ಕೈಯಿಂದ ಹೋಯಿತು, ಹೊಗಳಿಕೆಯೂ ನಿಂತಿತು. ಇದನ್ನೆಲ್ಲ ಆವತ್ತು ಹೇಳಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ ಅಂತ ಹೊರಗೆ ನೋಡುತ್ತಾ ಕೂತೆ.

ಎರಡನೇ ದಿನದ ಡೇರೆ ಕೋಣನಬೆನ್ನಿನ ಬುಡದಲ್ಲೇ, ಹುಲ್ಲಿನ ಬಯಲಿನಲ್ಲಿ. ಅಲ್ಲಿಂದ ಗುಡ್ಡ ಪೂರ್ತಿ ಕಾಣುತ್ತಿತ್ತು, ಕೆಂಪು ದಾರಿ ಹಾವಿನ ಹಾಗೆ ಸುತ್ತಿ ಸುತ್ತಿ ಮೇಲಕ್ಕೆ ಹೋಗಿತ್ತು. ನಾನು ತಿರುವುಗಳನ್ನು ಎಣಿಸಿದೆ. ಹನ್ನೊಂದೂ ಸಿಕ್ಕವು. ನನಗೆ ಎರಡು ದಿನದ ಸಿಟ್ಟು ಮರೆತು ಖುಷಿಯಾಯಿತು, ಇವರಿಗೂ ತೋರಿಸೋಣ ಅಂತ ತಿರುಗಿದೆ. ಇವರು ಆಗಲೇ ಬಯಲಿನ ಆಚೆ ತುದಿಯ ಬಂಡೆಯ ಮೇಲೆ ಹತ್ತಿ ನಿಂತಿದ್ದರು. ಇಡೀ ಬಯಲಿನಲ್ಲಿ ಆ ಒಂದು ಬಂಡೆಯ ಮೇಲೆ ಮಾತ್ರ ಸಿಗ್ನಲ್ ಸಿಗುತ್ತದೆ ಅಂತ ಅಡುಗೆಯವನು ಹೇಳಿದ್ದನಂತೆ. ಇಂಥವರಿಗೆ ಇಂಥ ಬಂಡೆ ತೋರಿಸಿದವನ ಬಾಯಿಗೆ ಹುಳ ಬೀಳ.

ಬಂಡೆಯ ಮೇಲಿಂದ ಇವರು ಕೊನೆಗೂ ಬೀಗ ಒಡೆಯಲು ಅಪ್ಪಣೆ ಕೊಟ್ಟರು. ದಾನಮ್ಮನ ಮಾವ ರುಬ್ಬುಗುಂಡು ತಂದು ಒಂದೇ ಏಟಿಗೆ ಒಡೆದರಂತೆ. ಮೋಟಾರು ಶುರುವಾಯಿತು, ನೀರು ಏರಿತು. ಆದರೆ ವಾಲ್ವು ತಪ್ಪಿ ಕೆಳಗಿನ ಟ್ಯಾಂಕು ತುಂಬಿ ಗೋಡೆಯ ಮೇಲೆ ಸುರಿಯುತ್ತಿತ್ತು, ಮೇಲಿನದು ಒಣಗಿಕೊಂಡೇ ಇತ್ತು. ಕತ್ತಲಾಗುವ ತನಕ ಇವರು ಕೂಗುತ್ತಿದ್ದುದು ನಮ್ಮ ಡೇರೆಯವರೆಗೆ ಕೇಳಿಸಿತು.

"ಗೋಡೆ ಕಡೆ ಮುಖ ಮಾಡಿ ನಿಂತ್ಕೊಳಮ್ಮ. ಬಲಗಡೆ ಎರಡನೇದು... ಯಾವ ಗೋಡೆ ಅಂದ್ರೆ? ಕಾಂಪೌಂಡ್ ಗೋಡೆ ಅಲ್ಲ, ಬಚ್ಚಲ ಗೋಡೆ! ಅಯ್ಯೋ, ಅದನ್ನ ಮುಟ್ಟಬೇಡ ತಾಯಿ, ಅದು ಮುಟ್ಟಂಗೇ ಇಲ್ಲ!"

ತಂಡದವರೆಲ್ಲ ಅನ್ನ ಸಾರು ಉಣ್ಣುತ್ತಾ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಆ ಐದು ಬಣ್ಣ ಅಲ್ಲೇ ಇದ್ದಿದ್ದರೆ ನೀಲಿ ಮುಚ್ಚು, ಹಳದಿ ತೆರೆ ಅಂತ ಅರ್ಧ ನಿಮಿಷದ ಮಾತು. ಇವರು ಬಂಡೆ ಇಳಿದು ಬಂದಾಗ ಗಂಟಲು ಕಟ್ಟಿತ್ತು.

"ನಾಳೆ ಹತ್ತುತ್ತೀವಿ ತಾನೆ?" ಅಂತ ಕೇಳಿದೆ.

"ಹತ್ತದೆ ಇನ್ನೇನು? ಅದಕ್ಕೇ ಅಲ್ವಾ ಬಂದಿರೋದು?" ಅಂದರು. "ಬೆಳಿಗ್ಗೆ ಒಂದೇ ಒಂದು ಫೋನ್ ಮಾಡಿ ಮುಗಿಸಿಬಿಡ್ತೀನಿ."

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಆರು ಜೀಪುಗಳೂ ಸಾಲಾಗಿ ನಿಂತವು. ಗುಡ್ಡದ ದಾರಿಗೆ ಒಂದು ಗೇಟು. ಕಾವಲಿನವನು ಏಳೂವರೆಗೆ ಅದನ್ನು ಮುಚ್ಚಿದರೆ, ಮೇಲೆ ಹೋದವರು ಇಳಿದು ಬರುವ ತನಕ ಮತ್ತೆ ತೆರೆಯುವುದಿಲ್ಲ. ದಾರಿ ಅಷ್ಟು ಕಿರಿದು, ಎದುರುಬದುರು ಬಂದರೆ ಜಾಗವಿಲ್ಲ. ಇವರು ಎಂಜಿನ್ ಬಿಸಿಯಾಗಲಿ ಅಂತ ಚಾಲೂ ಮಾಡಿ, "ಎರಡೇ ನಿಮಿಷ," ಅಂತ ಹೇಳಿ ಬಂಡೆಯ ಕಡೆ ಓಡಿದರು.

ನಾನು ಎಡಗಡೆ ಸೀಟಿನಲ್ಲಿ ಕೂತು ಕಾದೆ. ಐದು ನಿಮಿಷ ಆಯಿತು, ಹತ್ತಾಯಿತು. ಬಂಡೆಯ ಮೇಲೆ ಇವರು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಗಾಳಿಯಲ್ಲಿ ವಾಲ್ವು ತಿರುಗಿಸುತ್ತಿದ್ದರು. ದಾನಮ್ಮನಿಗೆ ಅದು ಕಾಣುತ್ತದೆ ಅಂದುಕೊಂಡರೋ ಏನೋ. ಹದಿನೈದು ನಿಮಿಷವಾದ ಮೇಲೆ ಚಕ್ರಪಾಣಿ ನಡೆದು ಬಂದರು.

"ಅಕ್ಕ, ಇನ್ನು ಕಾಯೋಕಾಗಲ್ಲ. ಗೇಟ್ ಕ್ಲೋಸ್ ಮಾಡ್ತಾನಂತೆ. ನೀವಿಬ್ರೂ ಇಲ್ಲೇ ರೆಸ್ಟ್ ಮಾಡಿ. ನಾವು ಹತ್ತು ಗಂಟೆಗೆಲ್ಲ ಇಳಿದುಬಿಡ್ತೀವಿ."

ಗುಡ್ಡ ಎದುರಿಗೇ ಇತ್ತು. ಹಾಸನದಿಂದ, ನಂಜನಗೂಡಿನಿಂದ ಹೋಗಬೇಕಾದ ಜಾಗ ಇನ್ನೂ ದೂರವಿತ್ತು, ಇಷ್ಟು ಹತ್ತಿರ ಬಂದು ಯಾವತ್ತೂ ತಪ್ಪಿರಲಿಲ್ಲ. ನಾನು ಬಾಗಿಲು ತೆರೆದು ಇಳಿದು ಬಂಡೆಯ ಕಡೆ ಕೂಗಿದೆ. "ರೀ! ಬನ್ರೀ! ಗೇಟ್ ಮುಚ್ತಾರಂತೆ!"

ಇವರು ನನ್ನ ಕಡೆ ತಿರುಗಿ ಅಂಗೈ ತೋರಿಸಿದರು. ತಡಿ, ಅಂತ.

ಈ ಅಂಗೈಯನ್ನು ನಾನು ಇಪ್ಪತ್ತಾರು ವರ್ಷ ನೋಡಿದ್ದೇನೆ. ಊಟಕ್ಕೆ ಕರೆದರೆ ಅಂಗೈ, ಡಾಕ್ಟರ ಹತ್ತಿರ ಹೋಗಬೇಕು ಅಂದರೆ ಅಂಗೈ. ಪ್ರತಿ ಸಲ ಆ ಕೈ ಇಳಿಯುವ ತನಕ ನಿಂತಿದ್ದೇನೆ. ಆವತ್ತು ನಿಲ್ಲಲು ಕಾಲು ಒಪ್ಪಲಿಲ್ಲ. ಗಾಡಿಯ ಮುಂದಿನಿಂದ ಸುತ್ತಿ ಬಂದು ಬಲಗಡೆ ಹತ್ತಿ ಸ್ಟೇರಿಂಗ್ ಹಿಡಿದು ಕೂತೆ.

ಚಕ್ರಪಾಣಿ ಗಾಬರಿಯಾದರು. "ಅಕ್ಕ, ಏನ್ ಮಾಡ್ತಿದೀರ? ನರೇಂದ್ರಣ್ಣನ್ನ ಒಂದ್ ಮಾತು ಕೇಳಿ."

"ಕೇಳೋಕೆ ಅವರು ಫೋನಲ್ಲಿದ್ದಾರೆ. ಲೈಸೆನ್ಸ್ ಬೇಕಾ? ತಗೊಳ್ಳಿ." ಪರ್ಸಿನಿಂದ ತೆಗೆದು ಕೈಗೆ ಕೊಟ್ಟೆ. ಅವರು ಅದನ್ನು ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವ ಹಾಗೆ ಹಿಂದೆ ಮುಂದೆ ನೋಡಿದರು.

"ಲೈಸೆನ್ಸ್ ಸರಿ. ಆದ್ರೆ ಗಾಡೀಲಿ ಒಬ್ಬರೇ ಇರೋ ಹಾಗಿಲ್ಲ. ರೂಲ್ಸು."

ಅಷ್ಟರಲ್ಲಿ ಅವರ ಹೆಂಡತಿ ಕಮಲಾದೇವಿ ಮುಂದಿನ ಜೀಪಿನಿಂದ ಇಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು ಬಂದವರೇ, ತೆರೆದಿದ್ದ ಬಾಗಿಲಿನಿಂದ ನನ್ನ ಪಕ್ಕ ಹತ್ತಿ ಕುಳಿತರು. "ನಾನಿದ್ದೀನಿ ನಡೀರಿ. ಎರಡು ದಿನದಿಂದ ಇವರ ಎಡಕ್ಕೆ ನೋಡು, ಬಲಕ್ಕೆ ನೋಡು ಕೇಳಿ ಕೇಳಿ ನನ್ನ ಕತ್ತು ಹಿಡ್ಕೊಂಡಿದೆ," ಅಂದರು. ಚಕ್ರಪಾಣಿ ಅಡುಗೆಯವನನ್ನು ತಮ್ಮ ಗಾಡಿಗೆ ಹತ್ತಿಸಿಕೊಂಡು, ನಮ್ಮನ್ನು ಮೂರನೇ ಗಾಡಿಯಾಗಿ ಸೇರಿಸಿದರು. ಗೇಟು ದಾಟುವಾಗ ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಿಲ್ಲಿಸುತ್ತಿದ್ದೆನೇನೋ.

ಮೊದಲ ಮೂರು ತಿರುವು ಸುಲಭವಾಗಿ ಕಳೆದವು. ಲೋ ಗೇರಿನಲ್ಲಿ ಜೀಪು ತಾನೇ ಹತ್ತುತ್ತದೆ, ನಾವು ದಾರಿ ತೋರಿಸಿದರೆ ಸಾಕು. ನಾಲ್ಕರಿಂದ ಕಲ್ಲುಗಳು ದೊಡ್ಡವಾದವು. ಒಂದು ಕಡೆ ಗೋಡೆಯ ಹಾಗೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ಒಂದೊಂದು ಕಲ್ಲು ಹತ್ತಿ ಇಳಿದಾಗಲೂ ಗೊಂಚಲಿನ ಆ ಹಿತ್ತಾಳೆ ಬೀಗದ ಕೈ ಮೊಣಕಾಲಿಗೆ ಬಡಿಯುತ್ತಿತ್ತು. ಕಮಲಾದೇವಿ ಕಣ್ಣು ಮುಚ್ಚಿಕೊಂಡು ಏನೋ ಪಠಿಸುತ್ತಿದ್ದರು. "ಹೆದರ್ಕೋಬೇಡಿ, ಇದು ನನ್ನ ದಿನದ ಸ್ತೋತ್ರ," ಅಂದರು.

ಏಳನೇ ತಿರುವಿನಲ್ಲಿ ಎಂಜಿನ್ ನಿಂತಿತು. ತಿರುವು ಕಡಿದಾಗಿತ್ತು, ನಾನು ಅಂಜಿ ಕ್ಲಚ್ಚನ್ನು ಒಂದು ಕ್ಷಣ ಮೊದಲೇ ಬಿಟ್ಟೆ. ಗಾಡಿ ಒಂದು ಗೇಣು ಹಿಂದಕ್ಕೆ ಜಾರಿತು. ಕಾಲು ಬ್ರೇಕಿನ ಮೇಲೆ, ಕೈ ಹ್ಯಾಂಡ್‌ಬ್ರೇಕಿನ ಮೇಲೆ. ವಾಕಿಟಾಕಿ ಗೊರಗುಟ್ಟಿತು. ಕೊನೆಯ ಗಾಡಿಯವರಿಗೆ ಕೆಳಗೆ ನಡೆದದ್ದು ಗೊತ್ತಿರಲಿಲ್ಲ.

"ನರೇಂದ್ರ, ಯಾಕೆ ನಿಂತ್ರಿ? ನರೇಂದ್ರ, ಓವರ್."

ನನಗೆ ಎಲ್ಲಿತ್ತೋ ಸಿಟ್ಟು, ಒಟ್ಟಿಗೆ ಬಂತು. ಇವರ ಮೇಲೆ, ಬೀಗದ ಮೇಲೆ, ಇಳಿಯದ ಅಂಗೈಯ ಮೇಲೆ, ಅದನ್ನು ಇಷ್ಟು ವರ್ಷ ಕಾದ ನನ್ನ ಮೇಲೆ. ವಾಕಿಟಾಕಿ ಎತ್ತಿ, "ನರೇಂದ್ರ ಕೆಳಗಿದ್ದಾರೆ. ಇದು ಸುಧಾಮಣಿ. ಒಂದ್ನಿಮಿಷ ಸುಮ್ನಿರಿ," ಅಂದೆ. ಮತ್ತೆ ಚಾಲೂ ಮಾಡಿದೆ. ಗೇರು ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ, ಗಾಡಿ ಮುಂದಕ್ಕೆ ತುಯ್ಯುವುದು ಸೊಂಟಕ್ಕೆ ತಿಳಿದ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿದೆ. ಚಕ್ರ ಒಂದು ಸುತ್ತು ಮಣ್ಣು ಕೆದರಿ, ಕಲ್ಲನ್ನು ಕಚ್ಚಿತು. ತಿರುವು ದಾಟಿದ ಮೇಲೆ ನೋಡುತ್ತೇನೆ, ನಾನು ಅಳುತ್ತಿದ್ದೆ. ಕಮಲಾದೇವಿ ಸೆರಗಿನ ತುದಿಯಿಂದ ನನ್ನ ಕನ್ನಡಕ ಒರೆಸಿ ಮತ್ತೆ ಮೂಗಿನ ಮೇಲೆ ಇಟ್ಟರು, ದಾರಿ ಕಾಣಬೇಕಲ್ಲ.

ಮೇಲೆ ಬರೀ ಮಂಜು. ವಿಡಿಯೋದಲ್ಲಿ ಕೆಳಗೆ ಹರಡಿದ್ದ ಮೋಡ ಆವತ್ತು ಗುಡ್ಡದ ಮೇಲೇ ಕೂತಿತ್ತು, ನಾವು ಅದರೊಳಗೆ ನಿಂತಿದ್ದೆವು. ಹತ್ತು ಹೆಜ್ಜೆ ಆಚೆಯ ಜೀಪು ಕಾಣುತ್ತಿರಲಿಲ್ಲ. ತಂಡದವರು ಛೆ ಛೆ ಅನ್ನುತ್ತಾ, ಒಬ್ಬರ ಮುಖ ಒಬ್ಬರು ಹುಡುಕುತ್ತಾ ಫೋಟೋ ತೆಗೆದುಕೊಂಡರು. ನಾನು ಸ್ವಲ್ಪ ದೂರ ನಡೆದು ಹುಲ್ಲಿನ ಮೇಲೆ ಕೂತೆ. ಗಾಳಿಗೆ ಕಿವಿ ಮರಗಟ್ಟಿತು, ಸೀರೆ ಒದ್ದೆಯಾಯಿತು. ಯಾರೂ ಕರೆಯುತ್ತಿರಲಿಲ್ಲ, ಎಲ್ಲೂ ಏನೂ ಸೋರುತ್ತಿರಲಿಲ್ಲ. ಏನೂ ಕಾಣದ ಆ ಬಿಳುಪನ್ನು ನೋಡುತ್ತಾ ಅರ್ಧ ತಾಸು ಕೂತಿದ್ದೆ, ಸಾಕು ಅನ್ನಿಸಲಿಲ್ಲ. ಹೊರಡಿ ಅಂತ ಚಕ್ರಪಾಣಿ ಕೂಗಿದಾಗ ಬೇಜಾರಾಯಿತು.

ಇಳಿದು ಬಂದಾಗ ಹತ್ತು ದಾಟಿತ್ತು. ಇವರು ಗೇಟಿನ ಪಕ್ಕ ಒಂದು ಕಲ್ಲಿನ ಮೇಲೆ ಕೂತಿದ್ದರು. ಕಮಲಾದೇವಿ ನಮ್ಮಿಬ್ಬರ ಮುಖ ನೋಡಿ, ಇಳಿದು, ಬಾಗಿಲು ಹಾಕಿ, ತಮ್ಮ ಗಾಡಿಗೆ ಹೋದರು. ಇವರು ನನ್ನ ಕಿಟಕಿಯ ಹತ್ತಿರ ಬಂದರು. ಬೈಯುತ್ತಾರೆ ಅಂತ ನಾನು ಉತ್ತರ ಜೋಡಿಸಿಕೊಂಡೇ ಬಂದಿದ್ದೆ. ಬೈಯಲಿಲ್ಲ.

"ನೀರು ಬಂತು," ಅಂದರು. "ನೀನು ಗೇಟ್ ದಾಟೋ ಹೊತ್ತಿಗೇ ಬಂತು. ನಾನು ಓಡಿ ಬಂದೆ ಕಣೇ. ಕೂಗ್ದೆ. ನಿಂಗೆ ಕೇಳಿಸ್ಲಿಲ್ಲ. ಈ ಕಾವಲಿನವನು ನಡ್ಕೊಂಡು ಹೋಗೋಕೂ ಬಿಡ್ಲಿಲ್ಲ."

ನಾನು ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ.

"ಏಳನೇ ತಿರುವಲ್ಲಿ ಗಾಡಿ ನಿಂತಾಗ ನನ್ ಜೀವ ಬಾಯಿಗ್ ಬಂತು. ಆಮೇಲೆ ನೀನ್ ಎತ್ತಿದ್ದು ನೋಡ್ದೆ." ಅವರ ಗಂಟಲು ಇನ್ನೂ ಕಟ್ಟಿಕೊಂಡೇ ಇತ್ತು. "ಒಂದೇ ನಿಮಿಷ ಕಾದಿದ್ರೆ ನಾನೂ ಬರ್ತಿದ್ನಲ್ಲೇ. ಮೇಲೆ ನಿಂತಾಗ ನಾನೂ ಇರ್ಬೇಕಿತ್ತು ಅನ್ನಿಸ್ಲಿಲ್ವಾ ನಿಂಗೆ?"

ಅನ್ನಿಸಿತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೆಳಿಗ್ಗೆಯಿಂದ ಕಲ್ಲಿನ ಮೇಲೆ ಕೂತ ಮನುಷ್ಯನಿಗೆ ಅಷ್ಟು ಹೇಳಿದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅಂಥ ಮಾತನ್ನು ನಾನು ಬೇಕಾದಷ್ಟು ಸಲ ಹೇಳಿದವಳೇ. ಆದರೆ ಮೇಲೆ ಅರ್ಧ ತಾಸು ಕೂತಾಗ ಇವರ ನೆನಪು ಒಂದು ಸಲವೂ ಬಂದಿರಲಿಲ್ಲ. ಇಳಿಯುವಾಗ ಅದು ಗೊತ್ತಾಗಿ ನನಗೇ ಭಯವಾಗಿತ್ತು.

"ಇಲ್ಲ ರೀ," ಅಂದೆ. "ಅನ್ನಿಸ್ಲಿಲ್ಲ."

"ಸಿಟ್ಟಲ್ಲಿ ಹೇಳ್ತಿದೀಯ."

"ಸಿಟ್ಟು ದಾರೀಲೇ ಮುಗೀತು."

ಇವರು ಕಿಟಕಿಯ ಅಂಚು ಹಿಡಿದು ನಿಂತರು. ಇಳಿ ಅಂತ ಹೇಳುತ್ತಾರೇನೋ ಅಂದುಕೊಂಡೆ. ಹೇಳಲಿಲ್ಲ. ಗಾಡಿಯ ಹಿಂದಿನಿಂದ ಸುತ್ತಿಕೊಂಡು ಎಡಗಡೆಗೆ ಹೋಗಿ ಬಾಗಿಲಿನ ಹಿಡಿಯನ್ನು ಎಳೆದರು. ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದರು, ಆಮೇಲೆ ಒಳಕ್ಕೆ ಒತ್ತಿ ನೋಡಿದರು. ಎರಡು ವರ್ಷದಿಂದ ಆ ಬಾಗಿಲನ್ನು ಹೊರಗಿನಿಂದ ತೆಗೆದವಳು ನಾನೊಬ್ಬಳೇ, ಅದರ ಮರ್ಮ ಇವರಿಗೆ ಗೊತ್ತಿರಲಿಲ್ಲ.

"ಎಳೀಬೇಡಿ," ಅಂದೆ. "ಹಿಡೀನ ಮೊದಲು ಒಂಚೂರು ಮೇಲಕ್ಕೆತ್ತಿ. ಹಾಂ, ಹಾಗೆ. ಈಗ ಎಳೀರಿ."